ತಟ್ಟೆಯ ಮೇಲಿಲ್ಲದ ಹೆಸರು

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ನಮ್ಮ ಹಿರಿಯರು ಹೇಳಿಟ್ಟಿದ್ದಾರೆ. ಮನೆ ಖಾಲಿಮಾಡಿ ನೋಡು ಎಂಬ ಮಾತನ್ನು ಅವರು ಸೇರಿಸಲಿಲ್ಲ. ಪಾಪ, ಅವರು ಡೊಂಬಿವಲಿಯಲ್ಲಿ ಇದ್ದವರಲ್ಲ. ನಮ್ಮ ಕಟ್ಟಡ ಹಳತಾಯಿತು, ಅದನ್ನು ಕೆಡವಿ ಹೊಸದನ್ನು ಎಬ್ಬಿಸುತ್ತಾರೆ, ತಿಂಗಳ ಕೊನೆಯೊಳಗೆ ಎಲ್ಲರೂ ಬಾಡಿಗೆಯ ಮನೆಗಳಿಗೆ ಹೊರಡತಕ್ಕದ್ದು ಎಂದು ತೀರ್ಮಾನವಾದಾಗ, ಅರ್ಧ ಶತಮಾನದ ಸಂಸಾರವನ್ನು ಹೊತ್ತು ಎಲ್ಲಿಗೆ ಹೋಗೋಣವೆಂದು ನಾವು ಅಂಗಾತ ಮಲಗಿ ಅಟ್ಟವನ್ನೇ ನೋಡುತ್ತಿದ್ದೆವು. ಆ ಅಟ್ಟದ ಮೂಲೆಯಲ್ಲಿಯೇ ಇತ್ತು, ನಮ್ಮ ತಂದೆಯವರ ಗ್ರಾಮಫೋನು ಮತ್ತು 41 ತಟ್ಟೆಗಳ ಒಂದು ತಗಡಿನ ಪೆಟ್ಟಿಗೆ.

ಮಗ ಹೇಳಿದ: “ಅಪ್ಪಾ, ಈ ಹಾಡೆಲ್ಲ ಮೊಬೈಲಿನ್ಯಾಗ ಅದಾವ. ಇವನ್ನ ಯಾಕ ಹೊರಬೇಕು?” ಹಳೆಯ ಸಾಮಾನಿನವನನ್ನು ಕರೆಸಿದೆವು. ಅವನು ಒಂದು ತಟ್ಟೆಯನ್ನು ಎತ್ತಿ, ಬೆರಳಿನಿಂದ ಬಡಿದು, ಕಬ್ಬಿಣವೂ ಅಲ್ಲ, ಕಾಗದವೂ ಅಲ್ಲ, ಇದಕ್ಕೆ ದರವಿಲ್ಲ ಎಂದು ಕೆಳಗಿಟ್ಟ. ಅವನ ಮಾತು ಸರಿಯೇ. ಅವು ಅರಗಿನ ತಟ್ಟೆಗಳು. ನಿಮಿಷಕ್ಕೆ 78 ಸುತ್ತು ತಿರುಗಿ, ಒಂದು ಮಗ್ಗುಲಿಗೆ ಮೂರು ನಿಮಿಷದಷ್ಟು ಹಾಡಿ ಸುಮ್ಮನಾಗುವಂಥವು. ಕೈಜಾರಿದರೆ ಹಪ್ಪಳದಂತೆ ಚೂರಾಗುವಂಥವು.

ಬಿಸಾಡಿಯೇ ಬಿಡೋಣವೆಂದು ಒಂದೊಂದಾಗಿ ತೆಗೆಯುತ್ತಿರುವಾಗ, ಒಂದು ತಟ್ಟೆಯ ಕಾಗದದ ಹೊದಿಕೆಯ ಮೇಲೆ ತಂದೆಯವರ ಸೀಸದ ಕಡ್ಡಿಯ ಅಕ್ಷರ ಕಂಡಿತು: “ಚಿಕ್ ಚಾಕೊಲೇಟ್.” ಕಂಡೊಡನೆ ಅರುವತ್ತು ವರ್ಷ ಹಿಂದಕ್ಕೆ ಹೋದೆವು. ಅಕ್ಷರ ಕೂಡಿಸಿ ಓದಲು ಕಲಿತ ಹೊಸದರಲ್ಲಿ ನಾವು ಈ ಎರಡು ಶಬ್ದಗಳನ್ನು ಓದಿ, ತಂದೆಯವರು ಪೇಟೆಯಿಂದ ತರಬೇಕಾದ ತಿಂಡಿಯನ್ನು ಮರೆಯದಿರಲೆಂದು ಬರೆದಿಟ್ಟುಕೊಂಡಿದ್ದಾರೆಂದೇ ನಂಬಿದ್ದೆವು. ದಿನವೂ ಸಂಜೆ ಅವರ ಚೀಲ ಶೋಧಿಸಿ, ಕೊನೆಗೆ ತಡೆಯಲಾರದೆ ಕೇಳಿಯೇಬಿಟ್ಟೆವು. ಅವರು ನಕ್ಕು, “ಅದು ತಿನ್ನೂದಲ್ಲೋ ತಮ್ಮಾ, ಕೇಳೂದು” ಎಂದಿದ್ದರು. ಆಗ ಆದ ನಿರಾಶೆಯಲ್ಲಿ ಮುಂದಿನ ಮಾತನ್ನು ನಾವು ಕೇಳಲಿಲ್ಲ. ತಂದೆಯವರು ತೀರಿಕೊಂಡು ಮೂವತ್ತು ವರ್ಷವಾಯಿತು. ಈಗ ಕೇಳುವುದಾದರೆ ನಮ್ಮ ಸೋದರತ್ತೆ ಒಬ್ಬರೇ ಉಳಿದಿದ್ದಾರೆ. ಎಂಬತ್ತೇಳರ ವಯಸ್ಸು, ವಾಶಿಯಲ್ಲಿ ಮಗನ ಮನೆಯಲ್ಲಿದ್ದಾರೆ. ಪೆಟ್ಟಿಗೆಯ ಗತಿಯನ್ನು ಅವರೇ ಹೇಳಲೆಂದು, ಒಂದು ಭಾನುವಾರ ನಾವೂ ನಮ್ಮ ಮನೆಯವರೂ ಮಗನೂ ಹೊರಟೆವು.

ವಾಶಿಗೆ ಹೋಗುವವರು ಮೊದಲು ಎದುರು ದಿಕ್ಕಿನ ಕಲ್ಯಾಣಕ್ಕೆ ಹೋದದ್ದು, ಗ್ರಾಮಫೋನಿನ ಮುರಿದ ಸ್ಪ್ರಿಂಗನ್ನು ಅಲ್ಲಿ ರಿಪೇರಿಗೆ ಕೊಟ್ಟಿದ್ದರಿಂದ. ಡೊಂಬಿವಲಿಯಿಂದ ಕಲ್ಯಾಣಕ್ಕೆ ನಡುವೆ ಠಾಕುರ್ಲಿ ಒಂದೇ ನಿಲ್ದಾಣ. ಬೋರಿಬಂದರಿನಿಂದ ಠಾಣೆಗೆ ದೇಶದ ಮೊದಲ ಪ್ರಯಾಣಿಕರ ಉಗಿಬಂಡಿ ಓಡಿದ್ದು 1853ರಲ್ಲಿ, ಮರುವರ್ಷವೇ ಹಳಿ ಕಲ್ಯಾಣವನ್ನು ಮುಟ್ಟಿತು. ಇಲ್ಲಿಂದಲೇ ದಾರಿ ಕವಲೊಡೆದು ಒಂದು ಕಸಾರಾದ ಕಡೆಗೂ ಇನ್ನೊಂದು ಕರ್ಜತದ ಕಡೆಗೂ ಹೋಗುತ್ತದೆ. ಮಗ ಕಲ್ಯಾಣದ ಹತ್ತಿರ ಇದ್ದಾನೆ ಎಂದು ಕೇಳಿದಾಗ ಬೀಳಗಿಯಲ್ಲಿದ್ದ ನಮ್ಮ ಅಜ್ಜಿ, ಬಸವಣ್ಣನವರ ಕಲ್ಯಾಣವೇ ಇದೆಂದು ತಿಳಿದು ಕೈಮುಗಿದಿದ್ದಳಂತೆ. ಅವಳ ಭ್ರಮೆಯನ್ನು ಯಾರೂ ಹರಿಯಲಿಲ್ಲ. ಕೈಮುಗಿಯುವವರನ್ನು ತಡೆದು ಲಾಭವೇನು?

ರಿಪೇರಿಯವನು ಸ್ಪ್ರಿಂಗು ಹಾಕಿ, ಕೀಲಿ ಕೊಟ್ಟು ತೋರಿಸಿದ. ಒಂದು ಡಬ್ಬಿ ಮುಳ್ಳು ಕೊಟ್ಟು, ಪ್ರತಿ ಮಗ್ಗುಲಿಗೂ ಹೊಸ ಮುಳ್ಳು ಹಾಕಬೇಕು, ಇಲ್ಲವಾದರೆ ತಟ್ಟೆಯ ಗೀರು ಸವೆಯುತ್ತದೆ ಎಂದು ಎಚ್ಚರಿಸಿದ. ಪೆಟ್ಟಿಗೆ ಮಗನ ಕೈಗೆ, ತಟ್ಟೆಗಳ ಚೀಲ ನಮ್ಮ ಎದೆಗೆ. ಹೀಗೆ ನಿಧಾನದ ಲೋಕಲ್ ಹತ್ತಿ ಠಾಣೆಯ ಕಡೆಗೆ ತಿರುಗಿದೆವು.

ದಾರಿಯಲ್ಲಿ ನಮ್ಮ ಬಳಿಯಿದ್ದ ಸಂಗತಿಗಳನ್ನು ಓದುಗರ ಮುಂದೆ ಇಡುತ್ತೇವೆ. ಈಚೆಗೆ ಮಗ ತಂದುಕೊಟ್ಟ ‘ತಾಜ್ ಮಹಲ್ ಫಾಕ್ಸ್‌ಟ್ರಾಟ್’ ಎಂಬ ಇಂಗ್ಲಿಷ್ ಪುಸ್ತಕ ನಮ್ಮ ಅಜ್ಞಾನವನ್ನು ಬಹಳ ಮಟ್ಟಿಗೆ ಕಳೆಯಿತು. ಮುಂಬಯಿಯ ಜಾಜ್ ಸಂಗೀತದ ಚರಿತ್ರೆಯನ್ನು ನರೇಶ್ ಫರ್ನಾಂಡಿಸ್ ಅವರು ಅದರಲ್ಲಿ ಬರೆದಿದ್ದಾರೆ. ಮುಂಬ್ರಾ ಗುಡ್ಡದ ಹೊಟ್ಟೆಯಲ್ಲಿ ಪಾರ್ಸಿಕ್ ಸುರಂಗ ತೆರೆದದ್ದು 1916ರಲ್ಲಿ. ಅದೇ ವರ್ಷ ಗೋವೆಯ ಆಲ್ದೊನಾ ಎಂಬ ಹಳ್ಳಿಯಲ್ಲಿ ಆಂಟೋನಿಯೊ ಝೇವಿಯರ್ ವಾಝ್ ಹುಟ್ಟಿದರು. ಇವರೇ ಮುಂದೆ ಚಿಕ್ ಚಾಕೊಲೇಟ್ ಎನಿಸಿಕೊಂಡ ತುತ್ತೂರಿಗಾರರು. ಇಂಗ್ಲಿಷಿನ ಟ್ರಂಪೆಟ್ಟನ್ನು ನಾವು ತುತ್ತೂರಿಯೆಂದೇ ಕರೆಯುತ್ತೇವೆ. ಅಂದಿನ ಗೋವೆಯಲ್ಲಿ ಇಗರ್ಜಿಗೆ ಹೊಂದಿದ ಶಾಲೆಗಳಲ್ಲಿ ಹುಡುಗರಿಗೆ ಪಾಶ್ಚಾತ್ಯ ಸ್ವರಲಿಪಿಯನ್ನು ಕಲಿಸುತ್ತಿದ್ದರು. ಹೀಗೆ ಕಾಗದ ನೋಡಿ ನುಡಿಸಬಲ್ಲ ಗೋವೆಯ ವಾದ್ಯಗಾರರು ಮುಂಬಯಿಯ ಹೋಟೆಲುಗಳಿಗೆ ಬಂದರು. ಚಿಕ್ ಅವರು ತಾಜ್ ಮಹಲಿನಲ್ಲಿಯೂ ಅದರ ಪಕ್ಕದಲ್ಲಿದ್ದ ಗ್ರೀನ್ಸ್ ಹೋಟೆಲಿನಲ್ಲಿಯೂ ನುಡಿಸಿದರು. ಗ್ರೀನ್ಸ್ ಈಗಿಲ್ಲ, ಆ ಜಾಗದಲ್ಲಿ ತಾಜಿನ ಎತ್ತರದ ಗೋಪುರ ನಿಂತಿದೆ. ಅಮೆರಿಕದ ಲೂಯಿ ಆರ್ಮ್‌ಸ್ಟ್ರಾಂಗ್ ಅವರ ಹಾಗೆ ಊದಿ, ಅವರ ಹಾಗೆಯೇ ಗಂಟಲನ್ನು ಒರಟುಮಾಡಿ ಹಾಡುತ್ತಿದ್ದರಾಗಿ, ಇವರನ್ನು ಭಾರತದ ಆರ್ಮ್‌ಸ್ಟ್ರಾಂಗ್ ಎಂದು ಕರೆದರು.

ಇಂಗ್ಲಿಷರು ಹೋದರು, 1949ರ ಕಾನೂನಿನಿಂದ ಮುಂಬಯಿಗೆ ಪಾನನಿರೋಧ ಬಂದಿತು. ಕುಣಿತದ ಕೋಣೆಗಳು ಬಡವಾದವು. ವಾದ್ಯಗಾರರು ಅನ್ನಕ್ಕಾಗಿ ಸಿನಿಮಾ ಸ್ಟುಡಿಯೋಗಳ ದಾರಿ ಹಿಡಿದರು. ನಮ್ಮ ಸಂಗೀತ ನಿರ್ದೇಶಕರು ರಾಗ ಹಾಡಿ ತೋರಿಸಬಲ್ಲವರು. ಆದರೆ ಇಪ್ಪತ್ತು ಮೂವತ್ತು ವಾದ್ಯಗಳಿಗೆ ಯಾರು ಯಾವಾಗ ಯಾವ ಸ್ವರ ನುಡಿಸಬೇಕೆಂದು ಬರೆದುಕೊಡಬಲ್ಲವರು ಗೋವೆಯವರು. ಸಿ. ರಾಮಚಂದ್ರ ಅವರಿಗೆ ಚಿಕ್ ಅವರು ಹೀಗೆ ಬಲಗೈಯಾದರು. ‘ಸಮಾಧಿ’ ಚಿತ್ರದ ‘ಗೋರೆ ಗೋರೆ’, 1951ರ ‘ಅಲ್ಬೇಲಾ’ ಚಿತ್ರದ ‘ಶೋಲಾ ಜೋ ಭಡಕೆ’, ಇವುಗಳ ಹಿಂದೆ ಅವರಿದ್ದಾರೆ. ಹಾಡು ಬಲ್ಲವರು ಲಕ್ಷಗಟ್ಟಲೆ, ಅವರ ಹೆಸರು ಬಲ್ಲವರು ಎಷ್ಟು ಮಂದಿ? ತಟ್ಟೆಯ ನಡುವಿನ ಗುಂಡು ಚೀಟಿಯಲ್ಲಿ ಚಿತ್ರದ ಹೆಸರು, ಹಾಡಿದವರ ಹೆಸರು, ಸಂಗೀತ ನಿರ್ದೇಶಕರ ಹೆಸರು ಇಷ್ಟಕ್ಕೆ ಜಾಗ. ಊದಿದವನಿಗೆ ಜಾಗವಿಲ್ಲ.

ಠಾಣೆಯಲ್ಲಿ ಗಾಡಿ ಬದಲಿಸಬೇಕು. ಅತ್ತೆಯವರಿಗೆ ಹೂವು ಹಣ್ಣು ಕೊಳ್ಳೋಣವೆಂದು ಹೊರಬಿದ್ದು, ಮಾಸುಂದಾ ಕೆರೆಯ ದಂಡೆಗೆ ಬಂದು ಕುಳಿತೆವು. ಜನ ಇದನ್ನು ತಲಾವ್ ಪಾಳಿ ಎನ್ನುತ್ತಾರೆ. ಹತ್ತಿರದಲ್ಲಿ ಸಂತ ಯೋಹಾನರ ಹಳೆಯ ಇಗರ್ಜಿ, ನೀರಿನಲ್ಲಿ ದೋಣಿ, ದಂಡೆಯಲ್ಲಿ ಭೇಲ್‌ಪುರಿ. ಅಷ್ಟರಲ್ಲಿ ಒಂದು ಮದುವೆಯ ಮೆರವಣಿಗೆ ಬಂದು ಸಿಗ್ನಲಿನಲ್ಲಿ ಸಿಕ್ಕಿಕೊಂಡಿತು. ಮುಂದೆ ಕೆಂಪು ಅಂಗಿಯ ಬ್ಯಾಂಡು. ತುತ್ತೂರಿಯವನು ನಮ್ಮ ಬೆಂಚಿನ ಬಳಿಗೇ ಬಂದು ಉಸಿರು ಸುಧಾರಿಸಿಕೊಳ್ಳುತ್ತಿದ್ದ. ಐವತ್ತು ದಾಟಿದವನು, ತುಟಿಯ ನಡುವೆ ಊದಿ ಊದಿ ಬಿದ್ದ ಗುಂಡನೆಯ ಕಲೆ.

ತುತ್ತೂರಿಯನ್ನು ಅಷ್ಟು ಹತ್ತಿರದಿಂದ ನಾವು ನೋಡಿದ್ದು ಅಂದೇ. ಅದರಲ್ಲಿರುವುದು ಮೂರೇ ಗುಂಡಿಗಳು. ಶಹನಾಯಿಗೆ ಇರುವಂತೆ ಗರಿಯ ಪೀಪಿ ಇಲ್ಲ. ಊದುವವನ ತುಟಿಯೇ ಪೀಪಿ. ಗುಂಡಿ ಒತ್ತಿದರೆ ಕೊಳವೆಯ ಉದ್ದ ಹೆಚ್ಚುತ್ತದೆ, ಮಿಕ್ಕ ಸ್ವರಗಳನ್ನೆಲ್ಲ ತುಟಿಯ ಬಿಗಿಯಿಂದ, ಉಸಿರಿನ ಒತ್ತಡದಿಂದ ಹೊರಡಿಸಬೇಕು. ಧಾರವಾಡದ ಗವಾಯಿಗಳ ಮೀಂಡು ಕೇಳಿ ಬೆಳೆದ ಕಿವಿಗೆ ಇದು ಮೆಟ್ಟಿಲೇರುವ ಸಂಗೀತವೆಂದು ತೋರುವುದು ಸಹಜ. ಆದರೆ ಜಾಜಿನವರು ಗುಂಡಿಯನ್ನು ಅರ್ಧ ಒತ್ತಿ, ತುಟಿಯನ್ನು ಸಡಿಲಿಸಿ, ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದನ್ನು ಕಲಿತಿದ್ದಾರೆ. ಆ ಜಾರುವಿಕೆಯಲ್ಲಿ ಅವರಿಗೂ ನಮಗೂ ನಂಟು ಕುದುರುತ್ತದೆ.

‘ಗೋರೆ ಗೋರೆ’ ಬರುತ್ತದೆಯೇ ಎಂದು ಕೇಳಿದೆವು. ಅವನು ಹುಬ್ಬೇರಿಸಿ, ನಾಲ್ಕು ಸಾಲು ಊದಿದ. ಕೆರೆಯ ಮೇಲಿನ ಪಾರಿವಾಳಗಳು ಎದ್ದವು, ಮದುವೆಯ ಹುಡುಗಿಯರು ಕುಣಿಯತೊಡಗಿದರು. ಮೂಲದಲ್ಲಿ ಇದನ್ನು ನುಡಿಸಿದವರು ಯಾರು ಗೊತ್ತೇ ಎಂದೆವು. “ಲತಾ ದೀದಿ” ಎಂದ. ಹಾಡಿದವರಲ್ಲ, ನುಡಿಸಿದವರು ಎಂದು ಮತ್ತೆ ಕೇಳಿದೆವು. ಅವನು ನಗುತ್ತ ಬ್ಯಾಂಡಿನ ಕೈಗಾಡಿಯತ್ತ ಬೆರಳು ಮಾಡಿದ. ಗಾಡಿಯ ಮೇಲೆ ಬಣ್ಣದ ದೀಪಗಳ ನಡುವೆ ಮಾಲೀಕನ ಹೆಸರು ದೊಡ್ಡದಾಗಿ ಬರೆದಿತ್ತು. ನುಡಿಸುವವರ ಹೆಸರು ಯಾರು ಕೇಳುತ್ತಾರೆ ಸಾಹೇಬ್ ಎಂದು ಅವನು ಹೇಳುವಷ್ಟರಲ್ಲಿ ಸಿಗ್ನಲು ಬಿಟ್ಟಿತು. ಅವನ ಹೆಸರನ್ನು ಕೇಳಬೇಕೆಂದು ನಮಗೆ ಹೊಳೆದದ್ದು ಮೆರವಣಿಗೆ ತಿರುವು ದಾಟಿದ ಮೇಲೆ.

ಠಾಣೆಯಿಂದ ವಾಶಿಗೆ ನೇರ ಲೋಕಲು ಬಂದದ್ದು 2004ರಲ್ಲಿ. ಐರೋಲಿ, ಘಣಸೋಲಿ, ತುರ್ಭೆ ಎಂದು ನಿಲ್ದಾಣಗಳು ಬಂದು ಹೋಗುತ್ತಿದ್ದವು. 1970ರಲ್ಲಿ ಸಿಡ್ಕೋ ಸಂಸ್ಥೆ ಹುಟ್ಟಿ ನವಿ ಮುಂಬಯಿಯನ್ನು ಗೆರೆ ಎಳೆದು ಕಟ್ಟಿತು. ಡೊಂಬಿವಲಿಯವರಾದ ನಮಗೆ ಇಲ್ಲಿಯ ಅಗಲ ರಸ್ತೆ ಕಂಡಾಗಲೆಲ್ಲ ಪರವೂರಿಗೆ ಬಂದಂತಾಗುತ್ತದೆ. ಕಿಟಕಿಯ ಬಳಿ ಕುಳಿತು ಆ ಬ್ಯಾಂಡಿನವನ ಮಾತನ್ನೇ ಯೋಚಿಸಿದೆವು. ಚಿಕ್ ಅವರಿಗೆ ಸಲ್ಲಬೇಕಾದ ಮನ್ನಣೆ ಏಕೆ ಸಲ್ಲಲಿಲ್ಲ? ಜಾಜಿನ ಅಭಿಮಾನಿಗಳು, ಇವರು ಆರ್ಮ್‌ಸ್ಟ್ರಾಂಗ್ ಅವರ ನೆರಳು, ಮೇಲಾಗಿ ಸಿನಿಮಾಕ್ಕೆ ಹೋದವರು ಎಂದು ಬದಿಗಿಟ್ಟರು. ಸಿನಿಮಾದ ಅಭಿಮಾನಿಗಳಿಗೆ ಹೆಸರೇ ತಿಳಿಯಲಿಲ್ಲ. ಅಲ್ಲಿಯೂ ಸಲ್ಲದೆ ಇಲ್ಲಿಯೂ ಸಲ್ಲದೆ ತ್ರಿಶಂಕುವಾದರು. ಮುಂಬಯಿಯಲ್ಲಿ ‘ಕಾನಡಿ’ಗಳೆಂದೂ ಊರಿನಲ್ಲಿ ‘ಮುಂಬಯಿಯವರು’ ಎಂದೂ ಕರೆಸಿಕೊಳ್ಳುವ ನಮಗೆ ಈ ಸ್ಥಿತಿಯನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅನುಕರಣೆಯ ಮಾತಿಗೆ ನಮ್ಮ ಉತ್ತರ ಇಷ್ಟೇ. ಗುರುವಿನ ಗಂಟಲನ್ನು ಅನುಕರಿಸದೆ ಹಾಡಲು ಕಲಿತ ಶಿಷ್ಯನನ್ನು ನಾವು ಕಂಡಿಲ್ಲ. ಹೋಟೆಲಿನಲ್ಲಿ ಚಿಕ್ ಅವರು ಆರ್ಮ್‌ಸ್ಟ್ರಾಂಗ್ ಆಗಿದ್ದರೆ ಇರಲಿ. ಆದರೆ ಸ್ಟುಡಿಯೋದಲ್ಲಿ ಅವರಿಗೆ ಮೂರು ನಿಮಿಷದ ಹಾಡಿನಲ್ಲಿ, ಪಲ್ಲವಿಗೂ ಚರಣಕ್ಕೂ ನಡುವಣ ಕೆಲವೇ ಕ್ಷಣಗಳ ಸಂದಿಯಲ್ಲಿ, ಹಾಡುವವರ ದಾರಿಗೆ ಅಡ್ಡಬಾರದೆ ತಮ್ಮ ಮಾತು ಹೇಳಬೇಕಾಗಿತ್ತು. ಹಿಂದೀ ಹಾಡಿನೊಳಗೆ ಕ್ಯೂಬಾದ ಕುಣಿತದ ಲಯವನ್ನು, ಅದು ಹೊರಗಿನದೆಂದು ಯಾರಿಗೂ ಅನ್ನಿಸದಂತೆ ಕೂರಿಸಬೇಕಾಗಿತ್ತು. ಈ ಕೆಲಸಕ್ಕೆ ಅಮೆರಿಕದಲ್ಲಿ ಮಾದರಿ ಇರಲಿಲ್ಲ. ಬಂಟವಾಳದ ಕಡೆಯ ಕದ್ರಿ ಗೋಪಾಲನಾಥರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನು ಕೇಳಿ, ಅದನ್ನು ಕರ್ನಾಟಕ ಸಂಗೀತಕ್ಕೆ ಒಲಿಸಿದರು; 2004ರಲ್ಲಿ ಅವರಿಗೆ ಪದ್ಮಶ್ರೀ ಬಂದಿತು. ಅವರು ಕಛೇರಿಯ ನಡುವೆ ಕುಳಿತರು. ಚಿಕ್ ಅವರು ಹಾಡಿನ ಬೆನ್ನ ಹಿಂದೆ ನಿಂತರು. ವ್ಯತ್ಯಾಸ ಇಷ್ಟೇ.

ವಾಶಿ ತಲುಪಿದಾಗ ಅತ್ತೆಯವರು ಊಟದ ಎಲೆ ಹಾಕಿಸಿ ಕಾದಿದ್ದರು. ಪೆಟ್ಟಿಗೆ ನೋಡಿದೊಡನೆ ಊಟವನ್ನು ಮರೆತರು. ಮುಳ್ಳು ಹಾಕಿ, ಕೀಲಿ ಕೊಟ್ಟು, ‘ಸಮಾಧಿ’ಯ ತಟ್ಟೆಯನ್ನು ಇಟ್ಟೆವು. 1950ರ ಚಿತ್ರ. ಲತಾ ಮಂಗೇಶಕರರ ಜೊತೆಗೆ ಹಾಡಿದವರು ನಮ್ಮ ಬೀಳಗಿಯ ಅಮೀರಬಾಯಿ ಕರ್ನಾಟಕಿ. ತಂದೆಯವರು 1949ರಲ್ಲಿ ಬೀಳಗಿ ಬಿಟ್ಟು ಮುಂಬಯಿಗೆ ಬಂದಾಗ ವಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತದಲ್ಲಿಯೇ ಇತ್ತು. 1956ರಲ್ಲಿ ಊರು ಮೈಸೂರು ರಾಜ್ಯಕ್ಕೆ ಹೋಯಿತು, ಅವರು ಮುಂಬಯಿಯ ಗುಮಾಸ್ತಗಿರಿಯಲ್ಲಿ ಉಳಿದರು. ಊರಿನ ಹೆಣ್ಣುಮಗಳ ದನಿ ಕೇಳಲೆಂದೇ ಅವರು ಈ ತಟ್ಟೆ ಕೊಂಡರೆಂದು ನಾವು ಎಲ್ಲರಿಗೂ ಹೇಳುತ್ತ ಬಂದಿದ್ದೆವು. ಈಗಲೂ ಹಾಗೆಯೇ ಹೇಳಿದೆವು.

ಅತ್ತೆಯವರು ಕೈ ಎತ್ತಿ ತಡೆದರು. “ಅಮೀರಬಾಯಿ ಸಲುವಾಗಿ ತಂದದ್ದು ಖರೇ. ಆದರ ಆಮ್ಯಾಲ ಅಣ್ಣ ಅಕಿನ್ನ ಕೇಳತಿದ್ದಿಲ್ಲ. ‘ಅಲ್ಬೇಲಾ’ ನೋಡಿ ಬಂದಾಗಿಂದ ಅವಗ ಆ ಪೀಪಿಯವನದೇ ಹುಚ್ಚು.”

ಆ ಚಿತ್ರದ ಒಂದು ಹಾಡಿನಲ್ಲಿ ಚಿಕ್ ಅವರೂ ಅವರ ಬ್ಯಾಂಡಿನವರೂ ಜಾಲರಿಯ ತೋಳಿನ ಅಂಗಿ ತೊಟ್ಟು ಪರದೆಯ ಮೇಲೆಯೇ ಕಾಣಿಸಿಕೊಳ್ಳುತ್ತಾರೆ. ಅದನ್ನು ತಂದೆಯವರು ಮೂರು ಸಲ ನೋಡಿದರಂತೆ. ಬಳಿಕ ಚೋರ್ ಬಜಾರಿನಲ್ಲಿ ಒಂದು ಹಳೆಯ ತುತ್ತೂರಿ ಕೊಂಡರಂತೆ! ನಮಗೆ ಇದು ಹೊಸ ಸುದ್ದಿ. 1955ರಲ್ಲಿ ಡೊಂಬಿವಲಿಗೆ ಮನೆ ಬದಲಿಸಿದ ಮೇಲೆ, ಸಂಜೆ ಆಫೀಸಿನಿಂದ ಬಂದು, ಖಾಡಿಯ ಕಡೆಗೆ ಗದ್ದೆಯ ಬದುವಿನ ಮೇಲೆ ಹೋಗಿ ನಿಂತು ಊದುತ್ತಿದ್ದರಂತೆ. ಆಗ ಅಲ್ಲಿ ಕೇಳುವವು ಎಮ್ಮೆಗಳಷ್ಟೇ.

“ಬಂತೇನು ಅವರಿಗೆ?” ಎಂದು ನಮ್ಮ ಮನೆಯವರು ಕೇಳಿದರು.

“ಎಲ್ಲಿಂದ ಬರಬೇಕವ್ವಾ? ಮೂರು ವರ್ಷದಾಗ ಒಂದು ಸಾಲು ಬಂತು. ಆ ಒಂದು ಸಾಲು ಮಾತ್ರ ಛಲೋ ಬಂತು.”

ತುತ್ತೂರಿ ಈಗೆಲ್ಲಿ ಎಂದು ನಾವು ಕೇಳಿದೆವು. ಅತ್ತೆಯವರು ತುಸು ಹೊತ್ತು ತಟ್ಟೆ ತಿರುಗುವುದನ್ನೇ ನೋಡಿದರು. “ಮಂದಿ ಬೈತಾರ, ಮಾರಿಬಿಟ್ಟೆ ಅಂತ ಎಲ್ಲಾರ ಮುಂದ ಹೇಳಿದ. ಯಾರೂ ಬೈದಿದ್ದಿಲ್ಲ. ಐವತ್ತೆಂಟರಾಗ ನನ್ನ ಲಗ್ನ. ಸೀರಿಗೆ ರೊಕ್ಕ ಸಾಲಲಿಲ್ಲ.” ಹಾಡು ಮುಗಿದಿತ್ತು. ಮುಳ್ಳು ಕರಕರ ಎನ್ನುತ್ತ ಕೊನೆಯ ಗೀರಿನಲ್ಲಿ ಸುತ್ತುತ್ತಿತ್ತು. ಅದನ್ನು ಎತ್ತಲು ಯಾರಿಗೂ ಕೈ ಬರಲಿಲ್ಲ.

ಆಮೇಲೆ ತಟ್ಟೆಯನ್ನು ಮತ್ತೊಮ್ಮೆ ಇಟ್ಟೆವು. ಈ ಸಲ ಅತ್ತೆಯವರ ಆಜ್ಞೆಯಂತೆ ಹಾಡುವವರನ್ನು ಬಿಟ್ಟು, ಹಿಂದಿನವರನ್ನು ಕೇಳಿದೆವು. ಕೇಳುವುದಕ್ಕೂ ಅಭ್ಯಾಸ ಬೇಕು. ಮೊದಲು ತಾಳವನ್ನು ಹಿಡಿಯಬೇಕು, ಆಮೇಲೆ ಸಾಲುಗಳ ನಡುವಿನ ಸಂದಿಗಳನ್ನು ಕಾಯಬೇಕು, ಹಾಡು ಉಸಿರು ತೆಗೆದುಕೊಳ್ಳುವಲ್ಲಿ ವಾದ್ಯ ಏನು ಹೇಳಿತು ಎಂದು ಕಿವಿಗೊಡಬೇಕು. ಎಪ್ಪತ್ತು ವರ್ಷ ಒಂದೇ ಹಾಡೆಂದು ತಿಳಿದದ್ದರ ಒಳಗೆ ಇನ್ನೊಂದು ಹಾಡು ಇದೆಯೆಂದು ಆಗ ಗೊತ್ತಾಗುತ್ತದೆ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ನಮ್ಮ ಮಗ, ಯಾವ ತಟ್ಟೆಯೂ ಬೇಡವೆಂದಿದ್ದವನು, ಮೊಬೈಲು ತೆಗೆದು ಅತ್ತೆಯವರ ಮುಂದೆ ಹಿಡಿದ. 1966ರ ‘ಆಖರೀ ಖತ್’, ಚೇತನ್ ಆನಂದ್ ಅವರ ಚಿತ್ರ, ಖಯ್ಯಾಮ್ ಅವರ ಸಂಗೀತ. ರಾತ್ರಿಯ ಕ್ಲಬ್ಬಿನಲ್ಲಿ ಭೂಪಿಂದರ್ ಸಿಂಗ್ ‘ರುತ್ ಜವಾನ್ ಜವಾನ್’ ಹಾಡುತ್ತಾರೆ, ಅವರ ಜೊತೆಗೆ ತುತ್ತೂರಿ ಹಿಡಿದು ನಿಂತವರು ಚಿಕ್ ಅವರೇ. ಸ್ವರಗಳು ಆತುರವಿಲ್ಲದೆ ಬರುತ್ತವೆ. ಯೌವನದ ಜಿಗಿತ ಹೋಗಿ, ಇಷ್ಟು ಹೇಳಿದರೆ ಸಾಕೆಂಬ ತೃಪ್ತಿ ಅದರಲ್ಲಿದೆ. ಮರುವರ್ಷ, 1967ರ ಮೇ ತಿಂಗಳಿನಲ್ಲಿ, ಅವರು ತೀರಿಕೊಂಡರು. ಅಮೀರಬಾಯಿ ಎರಡು ವರ್ಷ ಮೊದಲೇ, 1965ರಲ್ಲಿ ಹೋಗಿದ್ದರು. ಅತ್ತೆಯವರು ಮೊಬೈಲನ್ನು ಕಣ್ಣಿನ ಹತ್ತಿರಕ್ಕೆ ಹಿಡಿದು, “ಇವನೇ ನೋಡು ಆ ಪೀಪಿಯವ. ಅಣ್ಣ ಇದ್ದಿದ್ದರ...” ಎಂದು ಅಲ್ಲಿಗೇ ನಿಲ್ಲಿಸಿದರು.

ತಟ್ಟೆಗಳು ಯಾರ ಮನೆಗೆಂಬ ಪ್ರಶ್ನೆ ಮತ್ತೆ ಏಳಲಿಲ್ಲ. ಹಿಂತಿರುಗುವಾಗ ಮಗ ತಾನಾಗಿಯೇ ಚೀಲವನ್ನು ಎದೆಗಪ್ಪಿಕೊಂಡ. ಬಾಡಿಗೆಯ ಮನೆಯಲ್ಲಿ ಅವನ ಮಂಚದ ಕೆಳಗೆ ಜಾಗವಾಗುತ್ತದಂತೆ.

ಅಂದು ರಾತ್ರಿ ನಾವು ಮಾಡಿದ ಕೆಲಸ ಒಂದೇ. ಹೊದಿಕೆಯ ಮೇಲೆ ಮಾಸುತ್ತಿದ್ದ ತಂದೆಯವರ ಸೀಸದ ಅಕ್ಷರಗಳನ್ನು ಮಸಿಯಿಂದ ತಿದ್ದಿದೆವು. ಕಂಪನಿಯವರು ಮುದ್ರಿಸದ ಹೆಸರನ್ನು ಒಬ್ಬ ಗುಮಾಸ್ತರು ಕನ್ನಡದಲ್ಲಿ ಬರೆದಿಟ್ಟಿದ್ದರು. ಅದು ಹಾಗೆಯೇ ಅಳಿಸಿಹೋಗಬಾರದು. ಓದುಗರ ಮನೆಯ ಅಟ್ಟಗಳಲ್ಲಿಯೂ ಇಂಥ ಪೆಟ್ಟಿಗೆಗಳು ಇರಬಹುದು. ಹಳೆಯ ಸಾಮಾನಿನವನನ್ನು ಕರೆಯುವ ಮೊದಲು ಒಮ್ಮೆ ಹೊದಿಕೆಗಳನ್ನು ಬೆಳಕಿಗೆ ಹಿಡಿದು ನೋಡಬೇಕೆಂದು ನಮ್ಮ ಬಿನ್ನಹ. ಮನೆಯಲ್ಲಿ ಹಿರಿಯರಿದ್ದರೆ, ಯಾರು ಹಾಡಿದ್ದೆಂದು ಕೇಳಿದ ಮೇಲೆ, ಯಾರು ನುಡಿಸಿದ್ದೆಂದೂ ಕೇಳಿರಿ.